ಸ್ಪ್ಯಾನಿಷ್ ಮನೆಮಾತಿನವರಿಗೆ ಇಂಗ್ಲಿಷ್: ಯಾವ ದಾರಿ, ಯಾವ ಪದ ಮೊದಲು

ನಾನು ಇಂಗ್ಲಿಷ್ ಕಲಿಸುವ ಕೋಣೆ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ಗ್ರಂಥಾಲಯದ ಹಿಂಬದಿಯಲ್ಲಿದೆ. ಶನಿವಾರ ಬೆಳಿಗ್ಗೆ ಎರಡು ಗಂಟೆ ಕಾಲ ನಡೆಯುವ ತರಗತಿ. ಸಂಬಳವಿಲ್ಲದ ಕೆಲಸ, ಇಷ್ಟಪಟ್ಟು ಮಾಡುವುದು. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡೋರ್ ಕಡೆಯವರು: ಹೋಟೆಲಿನ ಅಡುಗೆಯವರು, ಮನೆಗಳಿಗೆ ಬಣ್ಣ ಬಳಿಯುವವರು, ಮಗುವಿನ ಶಾಲೆಯಿಂದ ಬಂದ ಪತ್ರವನ್ನು ಓದಲಾಗದೆ ಮಡಚಿ ಚೀಲದಲ್ಲಿಟ್ಟುಕೊಂಡು ಬರುವ ತಾಯಂದಿರು.

ಮೊದಲ ತಿಂಗಳಲ್ಲೇ ಒಬ್ಬ ಅಡುಗೆಯವರು ‘ಐ ಹ್ಯಾವ್ ಹಂಗರ್’ ಎಂದರು. ತಿದ್ದಿದೆ. ಮರುವಾರ ಮತ್ತೆ ಅದೇ. ಸ್ಪ್ಯಾನಿಷಿನಲ್ಲಿ ಹಸಿವು ಆಗುವುದಿಲ್ಲ, ಇರುವುದೂ ಇಲ್ಲ. ಅದನ್ನು ಹೊಂದಿರುತ್ತಾರೆ: ‘ತೆಂಗೊ ಆಂಬ್ರೆ’. ಚಳಿ, ಭಯ, ನಿದ್ದೆ, ಕೊನೆಗೆ ವಯಸ್ಸು ಕೂಡ ಹಾಗೆಯೇ. ಮೂವತ್ತು ವರ್ಷದವರು ಮೂವತ್ತು ವರ್ಷಗಳನ್ನು ಹೊಂದಿರುತ್ತಾರೆ. ಅವರ ತಪ್ಪು ಅಜಾಗರೂಕತೆಯಿಂದ ಬಂದದ್ದಲ್ಲ, ತಮ್ಮ ಭಾಷೆಯ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಬಂದದ್ದು ಎಂದು ನನಗೆ ಆಗ ತಿಳಿಯಿತು. ಹಾಸನ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಓದಿದ ನಾನು ‘ನನಗೆ ಹಸಿವಾಗಿದೆ’ ಎಂಬುದನ್ನು ‘ಐ ಆಮ್ ಹಂಗ್ರಿ’ ಮಾಡಿಕೊಳ್ಳಲು ಪಟ್ಟ ಪಾಡು ನೆನಪಾಯಿತು.

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಅಮೆರಿಕದಲ್ಲೇ 4 ಕೋಟಿಗೂ ಹೆಚ್ಚು ಜನ ಅದನ್ನು ಮನೆಯಲ್ಲಿ ಮಾತನಾಡುತ್ತಾರೆ. ವಿದೇಶದಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ಸ್ಪ್ಯಾನಿಷ್ ಮಾತಿನ ಸಹೋದ್ಯೋಗಿ, ನೆರೆಯವರು, ಮಗುವನ್ನು ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಆನ್‌ಲೈನ್ ಪಾಠ ಹೇಳುವವರೂ ಇದ್ದಾರೆ. ಅಂಥವರು ಕಲಿಸಲು ಕುಳಿತಾಗ ಹಲವು ಕವಲುದಾರಿಗಳು ಎದುರಾಗುತ್ತವೆ. ಪ್ರತಿಯೊಂದು ಕವಲಿನಲ್ಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಜಾಗದಲ್ಲಿ ಸ್ಪ್ಯಾನಿಷ್ ಕಲಿಯುವವರ ಕೈ ಹಿಡಿಯುತ್ತದೆಯೋ, ಕಾಲು ಎಳೆಯುತ್ತದೆಯೋ? ಕೈ ಹಿಡಿಯುವ ಕಡೆ ಓಡಬೇಕು, ಕಾಲು ಎಳೆಯುವ ಕಡೆ ನಿಂತು ದುಡಿಯಬೇಕು. ಎಲ್ಲರಿಗೂ ಒಂದೇ ಪಠ್ಯ ಕೊಡುವ ತರಗತಿಗಳು ಇದನ್ನು ಕೇಳುವುದಿಲ್ಲ. ಚೀನಾದವರಿಗೂ ಕೊಲಂಬಿಯಾದವರಿಗೂ ಅಲ್ಲಿ ಒಂದೇ ಪುಟ.

ಸ್ಪ್ಯಾನಿಷ್ ಮೂಲಕವೋ, ಇಂಗ್ಲಿಷಿನಲ್ಲೇ ಇಂಗ್ಲಿಷೋ

ಒಂದು ಪಂಥದವರು ತರಗತಿಯಲ್ಲಿ ಕಲಿಯುವವರ ಭಾಷೆಯ ಒಂದು ಪದವೂ ಕೇಳಿಸಬಾರದು ಎನ್ನುತ್ತಾರೆ. ಇನ್ನೊಂದು ಪಂಥದವರು ವ್ಯಾಕರಣವನ್ನೆಲ್ಲ ಸ್ಪ್ಯಾನಿಷಿನಲ್ಲಿ ವಿವರಿಸಿ, ಅನುವಾದ ಮಾಡಿಸಿ, ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಮೊದಲನೆಯದು ಕಿವಿಗೆ ಒಳ್ಳೆಯದು, ಆದರೆ ಹಗಲೆಲ್ಲ ದುಡಿದು ಬಂದ ವಯಸ್ಕರನ್ನು ಅರ್ಥವಾಗದ ಸದ್ದಿನೊಳಗೆ ಒಂದು ಗಂಟೆ ಕೂರಿಸುವುದು ನಿರ್ದಯ. ಎರಡನೆಯದರಲ್ಲಿ ಅರ್ಥ ಬೇಗ ಆಗುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ನಮ್ಮಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿ ಸಂದರ್ಶನದಲ್ಲಿ ತಡವರಿಸುವ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಆಯ್ಕೆ ನಡುವಿನದಲ್ಲ, ಹಂಚಿಕೆಯದು. ಎರಡು ಭಾಷೆಗಳ ಕಟ್ಟು ಬೇರೆಯಾಗುವ ಕಡೆ ಒಂದೆರಡು ನಿಮಿಷ ಸ್ಪ್ಯಾನಿಷ್ ವಾಕ್ಯವನ್ನೂ ಇಂಗ್ಲಿಷ್ ವಾಕ್ಯವನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತೇನೆ. ಉಳಿದ ಹೊತ್ತೆಲ್ಲ ಇಂಗ್ಲಿಷಿನಲ್ಲೇ ಆಡಿಸುತ್ತೇನೆ. ಉಚ್ಚಾರಣೆಯ ವಿಷಯದಲ್ಲಿ ಸ್ಪ್ಯಾನಿಷ್ ಅಕ್ಷರಗಳ ಸಹಾಯವನ್ನು ಸಾಧ್ಯವಾದಷ್ಟು ದೂರವಿಡುತ್ತೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಆದರೆ ಈ ಆಯ್ಕೆಗೆ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಬೇಕು. ಗ್ವಾಟೆಮಾಲಾದಿಂದ ಬಂದವರ ಮನೆಮಾತು ಸ್ಪ್ಯಾನಿಷ್ ಆಗಿರಲೇಬೇಕೆಂದಿಲ್ಲ. ಅದು ಮಾಮ್ ಅಥವಾ ಕೀಚೆ ಎಂಬ ಮಾಯಾ ಭಾಷೆಯಾಗಿರಬಹುದು. ದಕ್ಷಿಣ ಮೆಕ್ಸಿಕೋದ ಓಆಹಾಕದಿಂದ ಬಂದವರು ಮಿಶ್ಟೆಕ್ ಅಥವಾ ಜಪೊಟೆಕ್ ಮಾತಿನವರಾಗಿರಬಹುದು. ತುಳು ಮನೆಮಾತಾಗಿ ಕನ್ನಡವನ್ನು ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗಾದರೂ ಶಾಲೆ ಸಿಕ್ಕಿತ್ತು. ಇವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಸಂತೆಯಲ್ಲಿ, ಕೆಲಸದ ಜಾಗದಲ್ಲಿ ಸಿಕ್ಕ ಭಾಷೆ. ಅಂಥವರ ಮುಂದೆ ಸ್ಪ್ಯಾನಿಷ್ ವ್ಯಾಕರಣದ ಕೋಷ್ಟಕ ಹಿಡಿದರೆ ಒಂದರ ಬದಲು ಎರಡು ಪರಕೀಯ ಭಾಷೆಗಳನ್ನು ಹೇರಿದಂತೆ. ಸ್ಪ್ಯಾನಿಷ್ ಓದುಬರಹವನ್ನೇ ಗಟ್ಟಿ ಮಾಡಿಕೊಳ್ಳಬೇಕಾದವರಿಗೆ ಮೆಕ್ಸಿಕೋ ಸರ್ಕಾರದ ‘ಪ್ಲಾಸಾಸ್ ಕೊಮುನಿತಾರಿಯಾಸ್’ ಎಂಬ ವಯಸ್ಕರ ಶಿಕ್ಷಣ ಕಾರ್ಯಕ್ರಮ ಅಮೆರಿಕದಲ್ಲೂ ಇದೆ. ಮೆಕ್ಸಿಕೋದ ದೂತಾವಾಸ ಕಚೇರಿಗಳಲ್ಲಿ ವಿಚಾರಿಸಬಹುದು.

ಪದಗಳು: ಹೋಲುವ ಪದ ಮೊದಲೋ, ಸಣ್ಣ ಪದ ಮೊದಲೋ

ನನಗೆ ಅತ್ಯಂತ ಪ್ರಿಯವಾದ ಕವಲು ಇದು. ಹೆಚ್ಚಿನ ಶಿಕ್ಷಕರು ದಾರಿ ತಪ್ಪುವುದೂ ಇಲ್ಲಿಯೇ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕವೂ, ಅನಂತರ ವಿದ್ವಾಂಸರ ಬರಹದ ಮೂಲಕವೂ ಲ್ಯಾಟಿನ್ ಮೂಲದ ಪದಗಳು ಸಾವಿರಗಟ್ಟಲೆ ಇಂಗ್ಲಿಷಿಗೆ ಬಂದವು. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳೇ. ಹೀಗಾಗಿ ಸ್ಪ್ಯಾನಿಷ್ ಬಲ್ಲವರಿಗೆ ಇಂಗ್ಲಿಷಿನ ದೊಡ್ಡ ಭಂಡಾರವೊಂದು ಪುಕ್ಕಟೆ ಸಿಗುತ್ತದೆ. ‘ನಾಸಿಯೋನ್’ ನೇಷನ್ ಆಗುತ್ತದೆ, ‘ಇನ್ಫೊರ್ಮಾಸಿಯೋನ್’ ಇನ್ಫರ್ಮೇಷನ್ ಆಗುತ್ತದೆ. ‘ಉನಿವೆರ್ಸಿದಾದ್’ ಯೂನಿವರ್ಸಿಟಿ, ‘ಫಾಮೋಸೊ’ ಫೇಮಸ್, ‘ಫಿನಾಲ್ಮೆಂತೆ’ ಫೈನಲಿ. ಕೊನೆಯ ತುಂಡನ್ನು ಬದಲಿಸುವ ನಾಲ್ಕೈದು ಸೂತ್ರ ಕಲಿತರೆ ಒಂದೇ ಬೆಳಿಗ್ಗೆ ನೂರಾರು ಪದಗಳು ಕೈಗೆ ಬರುತ್ತವೆ. ಮೊದಲ ತರಗತಿಯಲ್ಲಿ ಇದನ್ನು ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಆದ್ದರಿಂದ ಹೋಲುವ ಪದಗಳಿಂದಲೇ ಆರಂಭಿಸಿ ಎನ್ನುವ ಪುಸ್ತಕಗಳು ಬಹಳ.

ತೊಂದರೆ ಇರುವುದು ಇದರ ಮುಂದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ನೂರು ಪದಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಲ್ಯಾಟಿನ್ ಮೂಲದವಲ್ಲ, ಹಳೆಯ ಜರ್ಮ್ಯಾನಿಕ್ ಮೂಲದವು. ಗೆಟ್, ಪುಟ್, ಟೇಕ್, ಕಮ್, ಗೋ, ಅಪ್, ಔಟ್, ಆಫ್: ಬೆಳಿಗ್ಗೆ ಏಳುವುದರಿಂದ ರಾತ್ರಿ ದೀಪ ಆರಿಸುವವರೆಗಿನ ಮಾತೆಲ್ಲ ಈ ಪುಟ್ಟ ಪದಗಳಿಂದ ಕಟ್ಟಿದ್ದು. ಇವುಗಳ ಹತ್ತಿರದ ನೆಂಟರು ಸ್ಪ್ಯಾನಿಷಿನಲ್ಲಿ ಇಲ್ಲ. ಬೆಂಕಿ ನಂದಿಸುವುದಕ್ಕೆ ‘ಎಕ್ಸ್‌ಟಿಂಗ್ವಿಶ್’ ಎಂದರೆ ನನ್ನ ತರಗತಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ‘ಪುಟ್ ಔಟ್’ ಎಂದರೆ ಯಾರಿಗೂ ಇಲ್ಲ. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಗೊತ್ತಿಲ್ಲ. ಆದರೆ ಹೋಟೆಲಿನ ಮೇಲ್ವಿಚಾರಕ ಕೂಗಿ ಹೇಳುವುದು ಎರಡನೆಯದನ್ನೇ.

ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರುವ ಸ್ಥಿತಿ. ಮರಾಠಿಯವರೋ ಹಿಂದಿಯವರೋ ಕನ್ನಡ ಕಲಿಯಲು ಬಂದರೆ ಪತ್ರಿಕೆಯ ಸಂಪಾದಕೀಯದಲ್ಲಿ ವಿದ್ಯಾರ್ಥಿ, ಸಮಾಜ, ಸ್ವಾತಂತ್ರ್ಯ, ಪರಿಣಾಮ ಎಂಬ ಪದಗಳನ್ನು ಸಲೀಸಾಗಿ ಗುರುತಿಸುತ್ತಾರೆ. ‘ಒಲೆ ಹಚ್ಚು, ಪಾತ್ರೆ ತೊಳೆ, ಆಚೆ ಇಡು’ ಎಂದರೆ ಕಣ್ಣು ಬಿಡುತ್ತಾರೆ. ಕಷ್ಟವಾದದ್ದು ಪಾಂಡಿತ್ಯದ ಭಾಷೆಯಲ್ಲ, ಅಡುಗೆಮನೆಯ ಭಾಷೆ. ಸ್ಪ್ಯಾನಿಷ್ ಮಾತಿನವರಿಗೆ ಇಂಗ್ಲಿಷ್ ಹಾಗೆಯೇ.

ಸಿದ್ಧ ಪದಪಟ್ಟಿಗಳನ್ನು ಆರಿಸುವಾಗಲೂ ಇದು ನೆನಪಿರಲಿ. 1930ರಲ್ಲಿ ಸಿ. ಕೆ. ಆಗ್ಡನ್ ‘ಬೇಸಿಕ್ ಇಂಗ್ಲಿಷ್’ ಎಂದು 850 ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಕ್ರಿಯಾಪದಗಳನ್ನು 18ಕ್ಕೆ ಇಳಿಸಿ, ಉಳಿದ ಅರ್ಥಗಳನ್ನೆಲ್ಲ ಗೆಟ್, ಪುಟ್, ಟೇಕ್ ಇಂಥವುಗಳಿಗೆ ಅಪ್, ಔಟ್ ಸೇರಿಸಿ ಹೇಳುವ ವ್ಯವಸ್ಥೆ ಮಾಡಿದ್ದರು. ಎಣಿಕೆಯಲ್ಲಿ ಚಿಕ್ಕದಾದ್ದರಿಂದ ಸುಲಭ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ಪ್ಯಾನಿಷಿನವರಿಗೆ ಅದು ನೇರವಾಗಿ ಅತಿ ಕಡಿದಾದ ಏರು. 1953ರಲ್ಲಿ ಮೈಕೆಲ್ ವೆಸ್ಟ್ ಸುಮಾರು 2000 ಪದಕುಟುಂಬಗಳ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಪಟ್ಟಿ ಹೊರತಂದರು. 2013ರಲ್ಲಿ ಅದರ ಜಾಗಕ್ಕೆಂದೇ ಸುಮಾರು 2800 ಪದಗಳ ಹೊಸ ಪಟ್ಟಿಯೊಂದು ಬಂತು. ನಾನು ಬಳಸುವುದು ಹೊಸದನ್ನು. ಆದರೆ ಸಾಲಾಗಿ ಅಲ್ಲ. ಅದರಲ್ಲಿ ಸ್ಪ್ಯಾನಿಷನ್ನು ಹೋಲುವ ಪದಗಳಿಗೆ ಒಂದು ಗುರುತು ಹಾಕಿ ಓದಲು ಮನೆಗೆ ಕಳುಹಿಸುತ್ತೇನೆ. ಗುರುತಿಲ್ಲದ ಪುಟ್ಟ ಪದಗಳನ್ನು ತರಗತಿಗೆ ಉಳಿಸಿಕೊಳ್ಳುತ್ತೇನೆ. ಪುಕ್ಕಟೆ ಸಿಗುವುದಕ್ಕೆ ತರಗತಿಯ ಅಮೂಲ್ಯ ಎರಡು ಗಂಟೆಯನ್ನು ಖರ್ಚು ಮಾಡಬಾರದು.

ಹೋಲುವ ಪದಗಳಲ್ಲಿ ಮೋಸದ ಪದಗಳೂ ಇವೆ. ‘ಎಂಬರಸಾದಾ’ ಎಂದರೆ ನಾಚಿಕೊಂಡವಳಲ್ಲ, ಬಸುರಿ. ‘ಲಿಬ್ರೆರಿಯಾ’ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ‘ಎಕ್ಸಿತೊ’ ಹೊರಹೋಗುವ ಬಾಗಿಲಲ್ಲ, ಯಶಸ್ಸು. ‘ರೋಪಾ’ ಹಗ್ಗವಲ್ಲ, ಬಟ್ಟೆ. ‘ಸೋಪಾ’ ಸಾಬೂನಲ್ಲ, ಸೂಪು. ‘ಕಾರ್ಪೆತಾ’ ನೆಲಹಾಸಲ್ಲ, ಕಾಗದ ಇಡುವ ಫೋಲ್ಡರ್. ‘ಪಾರಿಯೆಂತೆಸ್’ ಎಂದರೆ ತಂದೆತಾಯಿಯಲ್ಲ, ನೆಂಟರು. ಶಾಲೆಯ ಅರ್ಜಿಯಲ್ಲಿ ‘ಪೇರೆಂಟ್ಸ್’ ಎಂದಿದ್ದ ಕಡೆ ಚಿಕ್ಕಪ್ಪ, ಅತ್ತೆಯ ಹೆಸರುಗಳನ್ನೆಲ್ಲ ತುಂಬಿದ್ದ ತಾಯಿಯೊಬ್ಬರನ್ನು ಕಂಡ ಮೇಲೆ ಈ ಪದವನ್ನು ಎರಡನೆಯ ವಾರಕ್ಕೇ ತಂದೆ. ಸ್ಪೇನ್‌ನವರಾದರೆ ‘ಕೊನ್ಸ್ತಿಪಾದೊ’ ಎಂಬುದನ್ನೂ ಸೇರಿಸಿ. ಅಲ್ಲಿ ಅದು ನೆಗಡಿ, ಇಂಗ್ಲಿಷಿನ ವೈದ್ಯರ ಮುಂದೆ ಮಲಬದ್ಧತೆ. ಔಷಧಿಯೇ ಬೇರೆಯಾದೀತು. ಇಂಥವನ್ನು ನೂರರ ಪಟ್ಟಿಯಾಗಿ ಕಲಿಸುವ ಪದ್ಧತಿಯೂ ಇದೆ, ಎದುರಾದಾಗ ಒಂದೊಂದಾಗಿ ಹೇಳುವ ಪದ್ಧತಿಯೂ ಇದೆ. ಆಸ್ಪತ್ರೆ, ಶಾಲೆ, ಕೆಲಸ ಈ ಮೂರಕ್ಕೆ ಸಂಬಂಧಿಸಿದ ಹತ್ತನ್ನು ಮಾತ್ರ ಮುಂಚೆಯೇ ಹೇಳಿ, ಉಳಿದುದನ್ನು ಎದುರಾದಾಗ ಹೇಳುವುದು ನನ್ನ ರೂಢಿ.

ವ್ಯಾಕರಣ: ‘ಬಿ’ ಮೊದಲೋ ‘ಡು’ ಮೊದಲೋ

ಪಠ್ಯಪುಸ್ತಕಗಳ ಮೊದಲ ಅಧ್ಯಾಯ ಸಾಮಾನ್ಯವಾಗಿ ಆಮ್, ಈಸ್, ಆರ್. ನಾನೂ ಮೊದಲ ವರ್ಷ ಹಾಗೆಯೇ ಮಾಡಿದೆ. ಐದು ವಾರ ಅದರಲ್ಲೇ ಉಳಿದೆ. ಆರನೆಯ ವಾರ ‘ಐ ವರ್ಕ್’ ಹೇಳಿಕೊಡಲು ಹೋದರೆ ಎಲ್ಲರ ಬಾಯಲ್ಲೂ ‘ಐ ಆಮ್ ವರ್ಕ್’. ಸ್ಪ್ಯಾನಿಷಿನಲ್ಲಿ ಒಪ್ಪಿದ್ದೇನೆ ಎನ್ನಲು ‘ಇರು’ ಎಂಬ ಅರ್ಥದ ಕ್ರಿಯಾಪದ ಬೇಕಾದ್ದರಿಂದ ‘ಐ ಆಮ್ ಅಗ್ರೀ’ ಕೂಡ ಗಟ್ಟಿಯಾಗಿ ಬೇರೂರಿತು. ಅದನ್ನು ಕೀಳಲು ಒಂದು ಋತುವೇ ಹಿಡಿಯಿತು. ತಪ್ಪು ನನ್ನದು.

‘ಬಿ’ ಸುಲಭ ಎಂಬುದು ನಿಜ. ಸ್ಪ್ಯಾನಿಷಿನಲ್ಲಿ ಅದಕ್ಕೆ ಎರಡು ಕ್ರಿಯಾಪದಗಳಿವೆ: ಸ್ಥಿರವಾದ ಗುಣಕ್ಕೆ ‘ಸೆರ್’, ಸ್ಥಿತಿಗೂ ಜಾಗಕ್ಕೂ ‘ಎಸ್ತಾರ್’. ಎರಡರಿಂದ ಒಂದಕ್ಕೆ ಇಳಿಯುವುದು ಹಗುರ. ‘ಡು’ ಹಾಗಲ್ಲ. ಪ್ರಶ್ನೆ ಕೇಳಲು ಸ್ಪ್ಯಾನಿಷಿಗೆ ದನಿ ಏರಿಸಿದರೆ ಸಾಕು, ಇಲ್ಲವೆನ್ನಲು ಮುಂದೆ ‘ನೊ’ ಸೇರಿಸಿದರೆ ಸಾಕು. ಆದ್ದರಿಂದ ‘ಯು ಸ್ಪೀಕ್ ಇಂಗ್ಲಿಷ್?’, ‘ಐ ನೊ ಸ್ಪೀಕ್’. ಅರ್ಥವೇ ಇಲ್ಲದ ‘ಡು’ ಎಂಬ ಆಳನ್ನು ವಾಕ್ಯದ ಬಾಗಿಲಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ವಿಚಿತ್ರ. ಕನ್ನಡದವರಾದ ನಮಗೂ ಅಷ್ಟೇ ವಿಚಿತ್ರವಾಗಿತ್ತು.

ಕಷ್ಟವೆಂದು ಅದನ್ನು ಹಿಂದಕ್ಕೆ ತಳ್ಳುವುದು ತಪ್ಪು ಎಂದು ಈಗ ನನಗೆ ಖಚಿತವಾಗಿದೆ. ‘ಐ ಡೋಂಟ್ ನೋ’, ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’, ‘ಡು ಯು ಹ್ಯಾವ್…?’ ಇವು ವಲಸೆ ಬಂದವರಿಗೆ ಮೊದಲ ದಿನವೇ ಬೇಕಾದ ಮಾತುಗಳು. ವಿವರಣೆಯಿಲ್ಲದೆ ಇಡೀ ತುಂಡಾಗಿ ಬಾಯಿಗೆ ಹಚ್ಚಿ. ಮೂರನೆಯ ವಾರ ಆ ತುಂಡನ್ನು ಬಿಚ್ಚಿ ಒಳಗಿನ ‘ಡು’ವನ್ನು ತೋರಿಸಿ. ಆ ಹೊತ್ತಿಗೆ ಅದು ನಿಯಮವಾಗಿ ಅಲ್ಲ, ಪರಿಚಯದ ಮುಖವಾಗಿ ಕಾಣುತ್ತದೆ.

ಭವಿಷ್ಯಕ್ಕೆ ‘ವಿಲ್’ ಮತ್ತು ‘ಗೋಯಿಂಗ್ ಟು’ ಎಂಬ ಎರಡು ದಾರಿಗಳಿವೆ. ಇಲ್ಲಿ ಅನುಮಾನವೇ ಬೇಡ. ‘ವೋಯ್ ಆ ಕೊಮೇರ್’ ಎಂಬ ಸ್ಪ್ಯಾನಿಷ್ ವಾಕ್ಯ ‘ಐ ಆಮ್ ಗೋಯಿಂಗ್ ಟು ಈಟ್’ ಎಂಬುದರ ಪಡಿಯಚ್ಚು. ಹೋಗು ಎಂಬ ಕ್ರಿಯಾಪದವೇ ಎರಡರಲ್ಲೂ ಭವಿಷ್ಯವನ್ನು ಹೊತ್ತಿದೆ. ‘ವಿಲ್’ ತಿಂಗಳುಗಟ್ಟಲೆ ಕಾಯಲಿ. ಹಾಗೆಯೇ ‘ಎಸ್ತೊಯ್ ಕೊಮಿಯೆಂದೊ’ ಮತ್ತು ‘ಐ ಆಮ್ ಈಟಿಂಗ್’ ಜೋಡಿ ಬೇಗ ಹೊಂದುತ್ತದೆ.

ಕರ್ತೃಪದವನ್ನು ಬಿಡುವ ಅಭ್ಯಾಸ ಮಾತ್ರ ಬಹಳ ಕಾಲ ಕಾಡುತ್ತದೆ. ಕನ್ನಡದಲ್ಲಿ ‘ಬಂದೆ’ ಎಂದರೆ ಯಾರು ಬಂದರೆಂದು ಕ್ರಿಯಾಪದವೇ ಹೇಳುವಂತೆ ಸ್ಪ್ಯಾನಿಷಿನಲ್ಲೂ ಹೇಳುತ್ತದೆ. ಮಳೆ ಬರುವುದಕ್ಕೆ ಅಲ್ಲಿ ಒಂದೇ ಪದ ಸಾಕು. ಹಾಗಾಗಿ ‘ಈಸ್ ರೇನಿಂಗ್’, ‘ಈಸ್ ಇಂಪಾರ್ಟೆಂಟ್’. ‘ಇಟ್’ ಎಂಬ ಖಾಲಿ ಕುರ್ಚಿಯನ್ನು ಪ್ರತಿ ವಾಕ್ಯದಲ್ಲೂ ಹಾಕಿಸಬೇಕು. ‘ಸು’ ಎಂಬ ಒಂದೇ ಪದ ಅವನ, ಅವಳ, ಅವರ, ನಿಮ್ಮ ಎಲ್ಲಕ್ಕೂ ಸಲ್ಲುವುದರಿಂದ ‘ಹಿಸ್’ ಮತ್ತು ‘ಹರ್’ ಅದಲುಬದಲಾಗುತ್ತವೆ. ಹೆಂಡತಿಯ ಬಗ್ಗೆ ಹೇಳುತ್ತ ‘ಹಿಸ್ ಮದರ್’ ಎನ್ನುವವರನ್ನು ಕೇಳಿ ನಗಬೇಡಿ. ಗುಣವಾಚಕವನ್ನು ಹಿಂದೆ ಇಡುವುದು, ಅದಕ್ಕೂ ಬಹುವಚನ ಹಚ್ಚುವುದು, ‘ಪೀಪಲ್ ಈಸ್’ ಎನ್ನುವುದು ಇವೆಲ್ಲ ಬೇಗ ತಿದ್ದಿಕೊಳ್ಳುವ ತಪ್ಪುಗಳು.

‘ಲೈಕ್’ ಕಲಿಸುವಾಗ ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದು ಅಕ್ಷರಶಃ ‘ನನಗೆ ಕಾಫಿ ಇಷ್ಟ’. ಕಾಫಿಯೇ ಕರ್ತೃ, ನಾನು ಚತುರ್ಥಿಯಲ್ಲಿ ಪಕ್ಕಕ್ಕೆ ನಿಂತವನು. ಇಂಗ್ಲಿಷ್ ಮಾತ್ರ ತಿಳಿದ ಶಿಕ್ಷಕರಿಗೆ ‘ಮಿ ಲೈಕ್’ ಏಕೆ ಬರುತ್ತದೆಂದು ಹೊಳೆಯುವುದಿಲ್ಲ. ನಮಗೆ ಕೂಡಲೇ ಹೊಳೆಯುತ್ತದೆ. ಏನೂ ಇಲ್ಲ ಎಂಬುದನ್ನು ‘ನೊ ತೆಂಗೊ ನಾದಾ’ ಎನ್ನುವವರು ‘ಐ ಡೋಂಟ್ ಹ್ಯಾವ್ ನಥಿಂಗ್’ ಎಂದಾಗಲೂ ಹಾಗೆಯೇ.

‘ಹಿ ವರ್ಕ್ಸ್’ ಎಂಬುದರ ಕೊನೆಯ ಸಕಾರದ ಬಗ್ಗೆ ಒಂದು ಮಾತು. ಪ್ರತಿ ಸಲ ತಿದ್ದಬೇಕೋ ಬಿಡಬೇಕೋ? 1974ರಲ್ಲಿ ಹೈಡಿ ಡ್ಯೂಲೆ ಮತ್ತು ಮರೀನಾ ಬರ್ಟ್ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷಿನ ಪ್ರತ್ಯಯಗಳನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಗಳಿಸಿಕೊಂಡಿದ್ದು ಕಂಡುಬಂತು. ‘-ಇಂಗ್’ ಬೇಗ ಬಂತು, ಈ ಸಕಾರ ತಡವಾಗಿ ಬಂತು. ನಾನು ಮೊದಲ ಆರು ತಿಂಗಳು ಬರಹದಲ್ಲಿ ಮಾತ್ರ ತಿದ್ದುತ್ತೇನೆ, ಮಾತಿನ ನಡುವೆ ತಡೆಯುವುದಿಲ್ಲ. ಸಕಾರವಿಲ್ಲದೆಯೂ ಅರ್ಥ ಕೆಡುವುದಿಲ್ಲ. ಮಾತಿನ ಧೈರ್ಯ ಕೆಟ್ಟರೆ ಅದನ್ನು ಮತ್ತೆ ಕಟ್ಟುವುದು ಕಷ್ಟ.

ಉಚ್ಚಾರಣೆ: ಬರೆದುಕೊಳ್ಳಬೇಕೋ, ಕೇಳಿಸಿಕೊಳ್ಳಬೇಕೋ

ಸ್ಪ್ಯಾನಿಷ್ ಕನ್ನಡದ ಹಾಗೆಯೇ ಬರೆದಂತೆ ಓದುವ ಭಾಷೆ. ಆದ್ದರಿಂದ ಅವರು ಇಂಗ್ಲಿಷ್ ಪದದ ಪಕ್ಕ ಸ್ಪ್ಯಾನಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಬರೆದುಕೊಳ್ಳಲು ಹಂಬಲಿಸುತ್ತಾರೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಸಿಗುತ್ತಿದ್ದ ಸ್ವಯಂಬೋಧಿನಿಗಳೂ ಹೀಗೆಯೇ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವು, ಮತ್ತು ಸಾಕಷ್ಟು ಮಟ್ಟಿಗೆ ಕೆಲಸ ಮಾಡುತ್ತಿದ್ದವು. ನಮಗೆ ಹ್ರಸ್ವ ದೀರ್ಘ ಇದೆ, ಶಕಾರ ಚಕಾರ ಇದೆ. ‘ಶಿಪ್, ಶೀಪ್, ಚಿಪ್, ಚೀಪ್’ ಎಂದು ನಾನು ಕನ್ನಡದಲ್ಲಿ ನಾಲ್ಕನ್ನೂ ಬೇರೆ ಬೇರೆ ಬರೆಯಬಲ್ಲೆ. ಸ್ಪ್ಯಾನಿಷಿನಲ್ಲಿ ಸ್ವರಗಳು ಐದೇ. ಹ್ರಸ್ವ ದೀರ್ಘದ ಭೇದವಿಲ್ಲ, ಹೆಚ್ಚಿನ ಪ್ರಾಂತ್ಯಗಳಲ್ಲಿ ಶಕಾರವೂ ಇಲ್ಲ. ಅವರ ಅಕ್ಷರದಲ್ಲಿ ಬರೆದರೆ ಹಡಗು, ಕುರಿ, ಚೂರು, ಅಗ್ಗ ನಾಲ್ಕೂ ಒಂದೇ ‘ಚಿಪ್’ ಆಗುತ್ತವೆ. ಸ್ಪ್ಯಾನಿಷ್ ಅಕ್ಷರದ ಸಹಾಯ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಅಂತರರಾಷ್ಟ್ರೀಯ ಧ್ವನಿಲಿಪಿ ನಿಖರ, ಆದರೆ ಇನ್ನೊಂದು ಲಿಪಿಯನ್ನು ಕಲಿಯುವ ಹೊರೆ. ಪರೀಕ್ಷೆಗೆ ಓದುವ ಕಾಲೇಜು ವಿದ್ಯಾರ್ಥಿಗೆ ಸರಿ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಬೇಡ. ಮೊಬೈಲಿನಲ್ಲಿ ‘ಶಿಪ್, ಶೀಪ್’ನಂಥ ಜೋಡಿಗಳನ್ನು ಧ್ವನಿಮುದ್ರಿಸಿಕೊಂಡು ಕೇಳುವುದೇ ಅವರಿಗೆ ಒಳ್ಳೆಯದು.

ಆದರೂ ಅವರ ನಾಲಿಗೆಯಲ್ಲಿ ಈಗಾಗಲೇ ಇರುವ ಧ್ವನಿಗಳನ್ನು ಬಳಸಿಕೊಳ್ಳಬಹುದು. ‘ನಾದಾ’ ಎಂಬ ಪದದ ನಡುವಿನ ದಕಾರ ನಾಲಿಗೆಯನ್ನು ಹಲ್ಲಿಗೆ ಮೃದುವಾಗಿ ತಾಗಿಸಿ ಹೇಳುವಂಥದ್ದು. ಇಂಗ್ಲಿಷಿನ ‘ದ’, ‘ದಿಸ್’ ಪದಗಳಿಗೆ ಬೇಕಾದ್ದು ಅದೇ. ಅಮೆರಿಕದವರು ‘ವಾಟರ್’ ಎನ್ನುವಾಗ ನಡುವಿನ ಟಕಾರ ‘ಪಾರಾ’ ಎಂಬ ಸ್ಪ್ಯಾನಿಷ್ ಪದದ ರಕಾರವೇ ಆಗುತ್ತದೆ. ಇದನ್ನು ತೋರಿಸಿದ ದಿನ ತರಗತಿಯಲ್ಲಿ ಎಲ್ಲರೂ ನೀರು ಕೇಳಿ ಕೇಳಿ ನಕ್ಕರು. ‘ಬೆರಿ’ ಮತ್ತು ‘ವೆರಿ’ ಬೇರ್ಪಡಿಸಲು ಕನ್ನಡಿ ಬೇಕು, ಏಕೆಂದರೆ ಅವರಿಗೆ ಬ ಮತ್ತು ವ ಒಂದೇ. ಪದದ ಮೊದಲಿಗೆ ‘ಸ್ಕ’, ‘ಸ್ಪ’ ಬಂದರೆ ಮುಂದೆ ಎಕಾರ ಸೇರಿಕೊಂಡು ‘ಎಸ್ಕೂಲ್’ ಆಗುವುದು ನಮ್ಮ ಹಳ್ಳಿಯ ‘ಇಸ್ಕೂಲಿ’ನ ತಂಗಿ. ಮದ್ದು ಕೂಡ ಒಂದೇ: ಸಕಾರವನ್ನು ಹಾವಿನ ಹಾಗೆ ಉದ್ದವಾಗಿ ಎಳೆದು ಆಮೇಲೆ ‘ಕೂಲ್’ ಎನ್ನಿಸಬೇಕು.

ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ನೋ ಎಂಬ ಚರ್ಚೆಗೆ ಹೆಚ್ಚು ಸಮಯ ಬೇಡ. ಬದುಕುವ ಊರಿನದು ಯಾವುದೋ ಅದು. ಊರು ಇನ್ನೂ ತೀರ್ಮಾನವಾಗದವರಿಗೆ ನಾನು ಅಮೆರಿಕನ್ ಎನ್ನುತ್ತೇನೆ. ‘ಕಾರ್’, ‘ಪಾರ್ಕ್’ ಪದಗಳಲ್ಲಿ ಬರೆದ ರಕಾರವನ್ನು ಅಲ್ಲಿ ಉಚ್ಚರಿಸುತ್ತಾರೆ, ಬರೆದಂತೆ ಓದುವವರಿಗೆ ಅಷ್ಟು ಸಮಾಧಾನ.

ಎಲ್ಲಿ ಕಲಿಯುವುದು: ತರಗತಿ, ಆ್ಯಪ್, ಮನೆಪಾಠ

ಭಾಷೆ ಎಷ್ಟು ಬರುತ್ತದೆಂದು ಅಳೆಯಲು ಯೂರೋಪ್ ಮಂಡಳಿ 2001ರಲ್ಲಿ ತಂದ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ದಿನನಿತ್ಯದ ವ್ಯವಹಾರಕ್ಕೆ ಎರಡನೆಯ ಮೆಟ್ಟಿಲಾದ ಎ2 ಬೇಕು. ಆರಂಭದಿಂದ ಅಲ್ಲಿಗೆ ತಲುಪಲು ಶಿಕ್ಷಕರೊಡನೆ 180ರಿಂದ 200 ಗಂಟೆ ಬೇಕೆಂದು ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಅಂದಾಜು. ಈ ಅಂಕಿಯನ್ನು ಮುಂದಿಟ್ಟುಕೊಂಡು ಆಯ್ಕೆಗಳನ್ನು ತೂಗಿ. ನನ್ನಂಥವರ ಶನಿವಾರದ ಎರಡು ಗಂಟೆ ವರ್ಷಕ್ಕೆ ನೂರು ಗಂಟೆಯನ್ನೂ ಮುಟ್ಟುವುದು ಕಷ್ಟ. ದಿನಕ್ಕೆ ಹದಿನೈದು ನಿಮಿಷ ಆ್ಯಪ್ ನೋಡಿದರೆ ವರ್ಷಕ್ಕೆ ಸುಮಾರು 91 ಗಂಟೆ, ಅದೂ ಒಂದು ದಿನವೂ ತಪ್ಪದಿದ್ದರೆ. ವಾರಕ್ಕೆ ಆರು ಗಂಟೆಯ ತರಗತಿಯಲ್ಲಿ ಮೂವತ್ತು ವಾರಕ್ಕೆ 180 ಮುಗಿಯುತ್ತದೆ. ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಎಂಬ ಜಾಹೀರಾತಿಗೆ ಹಣ ಕಟ್ಟುವ ಮೊದಲು ಈ ಲೆಕ್ಕವನ್ನು ಮಾಡಿ ತೋರಿಸಿ.

ಅಮೆರಿಕದಲ್ಲಿ 2014ರ ಉದ್ಯೋಗ ಕೌಶಲ ಕಾಯ್ದೆಯ ಅಡಿಯಲ್ಲಿ ವಯಸ್ಕರ ಇಂಗ್ಲಿಷ್ ತರಗತಿಗಳಿಗೆ ಕೇಂದ್ರ ಸರ್ಕಾರದ ಹಣ ಹೋಗುತ್ತದೆ. ಸಮುದಾಯ ಕಾಲೇಜು, ವಯಸ್ಕರ ಶಾಲೆಗಳಲ್ಲಿ ಹಲವು ಕಡೆ ಶುಲ್ಕವೇ ಇಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಂಥ ದೊಡ್ಡ ಗ್ರಂಥಾಲಯಗಳೂ ಉಚಿತ ತರಗತಿ ನಡೆಸುತ್ತವೆ. ಸ್ಪೇನಿನಲ್ಲಿರುವವರಿಗೆ ‘ಎಸ್ಕುಎಲಾ ಒಫಿಸಿಯಾಲ್ ದೆ ಇದಿಯೋಮಾಸ್’ ಎಂಬ ಸರ್ಕಾರಿ ಭಾಷಾಶಾಲೆಗಳ ಜಾಲವಿದೆ. ಅದರ ಮೊದಲ ಶಾಲೆ 1911ರಲ್ಲಿ ಮ್ಯಾಡ್ರಿಡ್‌ನಲ್ಲಿ ಆರಂಭವಾಯಿತು. ಪ್ರಮಾಣಪತ್ರ ಬೇಕಾದವರಿಗೆ ಅದು ಅತ್ಯುತ್ತಮ. ಖಾಸಗಿ ಸಂಸ್ಥೆಗೆ ಹೋಗುವ ಮೊದಲು ಅಲ್ಲಿ ಪ್ರವೇಶಕ್ಕೆ ಪ್ರಯತ್ನಿಸಬೇಕು.

ಆ್ಯಪ್‌ಗಳಲ್ಲಿ ಡ್ಯುವೊಲಿಂಗೊ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಲೂಯಿಸ್ ವಾನ್ ಆನ್ ಗ್ವಾಟೆಮಾಲಾದಲ್ಲಿ ಬೆಳೆದವರು. ಇಂಗ್ಲಿಷ್ ಕಲಿಯಲು ಅಲ್ಲಿನ ಬಡವರು ಎಷ್ಟು ಖರ್ಚು ಮಾಡಬೇಕಾಗುತ್ತದೆ ಎಂಬುದೇ ಅದನ್ನು ಉಚಿತವಾಗಿ ಕೊಡಲು ತಮಗೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದಾರೆ. ಪದ ಗಟ್ಟಿ ಮಾಡಿಕೊಳ್ಳಲು, ಬಸ್ಸಿನಲ್ಲಿ ಕುಳಿತ ಹೊತ್ತನ್ನು ಬಳಸಿಕೊಳ್ಳಲು ಆ್ಯಪ್ ಒಳ್ಳೆಯದು. ಎದುರಿಗಿರುವ ಮನುಷ್ಯ ಬೇಗ ಬೇಗ ಮಾತನಾಡಿದಾಗ ಏನು ಮಾಡಬೇಕೆಂಬುದನ್ನು ಅದು ಕಲಿಸುವುದಿಲ್ಲ. ಒಬ್ಬರಿಗೊಬ್ಬರು ಮನೆಪಾಠ ದುಬಾರಿ. ಕೆಲಸದ ಸಂದರ್ಶನ, ಪೌರತ್ವದ ಸಂದರ್ಶನ ಹತ್ತಿರವಿರುವಾಗ ನಾಲ್ಕೈದು ವಾರಕ್ಕೆ ಮಾತ್ರ ಅದಕ್ಕೆ ಬೆಲೆ ಉಂಟು. ಮಕ್ಕಳಿರುವ ತಾಯಂದಿರು ಯಾವ ತರಗತಿ ಚೆನ್ನ ಎಂದು ಕೇಳಿದರೆ ನಾನು ಪಠ್ಯಕ್ರಮ ನೋಡುವುದಿಲ್ಲ. ಮಗುವನ್ನು ಕೂರಿಸಲು ಪಕ್ಕದಲ್ಲಿ ಕೋಣೆ ಇದೆಯೇ ಎಂದು ನೋಡಿ ಎನ್ನುತ್ತೇನೆ. ನಾಲ್ಕನೆಯ ವಾರ ತರಗತಿ ಬಿಡುವವರು ವ್ಯಾಕರಣಕ್ಕೆ ಹೆದರಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲದೆ, ಪಾಳಿ ಬದಲಾಗಿ ಬಿಟ್ಟವರನ್ನೇ ಕಂಡಿದ್ದೇನೆ.

ಹೊಸಬರು ಬಂದ ದಿನ ನಾನು ಪರೀಕ್ಷೆ ಮಾಡುವುದಿಲ್ಲ. ಸ್ಪ್ಯಾನಿಷಿನಲ್ಲಿ ಬರೆದ ನಾಲ್ಕು ಸಾಲಿನ ಒಂದು ಚೀಟಿಯನ್ನು ಕೊಟ್ಟು, ನಿಮ್ಮ ಮನೆಯಲ್ಲಿ ಅಜ್ಜಿ ಯಾವ ಭಾಷೆ ಆಡುತ್ತಿದ್ದರು ಎಂದು ಕೇಳುತ್ತೇನೆ. ಚೀಟಿಯನ್ನು ಸರಾಗವಾಗಿ ಓದಿದವರಿಗೆ ಎರಡು ಸಾಲಿನ ಹಲಗೆ, ಗುರುತು ಹಾಕಿದ ಪದಪಟ್ಟಿ. ಕಳೆದ ತಿಂಗಳು ಬಂದ ಒಬ್ಬ ತಾಯಿ ಚೀಟಿಯನ್ನು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ‘ಮಾಮ್’ ಎಂದರು. ಅವರಿಗಾಗಿ ಚಿತ್ರಗಳ ಒಂದು ಪುಸ್ತಕವನ್ನು ಕೈಯಿಂದ ಮಾಡುತ್ತಿದ್ದೇನೆ, ಅದರಲ್ಲಿ ಸ್ಪ್ಯಾನಿಷ್ ಇಲ್ಲ. ಮೊದಲ ಪುಟದಲ್ಲಿ ಶಾಲೆಯ ಬಾಗಿಲು, ಮಗು, ಮತ್ತು ‘ಐ ಆಮ್ ಹರ್ ಮದರ್’ ಎಂಬ ಒಂದು ವಾಕ್ಯ.